ದಕ್ಕೆ ಬದಿಯ ಬಿಡಾರದ ಮಕ್ಕಳನ್ನು ಶಾಲೆಗೆ ಸೇರಿಸುವುದು: ಎನ್ನೆಸ್ಸೆಸ್ ತಂಡಕ್ಕೆ ದಾರಿ ಹೇಳಿ

ಕಡಲತಡಿ:
ಮಂಗಳೂರಿನ ಪದವಿ ಕಾಲೇಜೊಂದರ 20 ವಿದ್ಯಾರ್ಥಿಗಳ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ತಂಡ ನಮ್ಮದು. ದಕ್ಕೆ (ಮೀನುಗಾರಿಕೆ ಬಂದರು) ಬದಿಯ ಬಿಡಾರಗಳಲ್ಲಿ ಕೊಪ್ಪಳ, ಗದಗ ಕಡೆಯ ಕೂಲಿಕಾರರ ಮಕ್ಕಳು ಹಗಲಿಡೀ ಮನೆಯಲ್ಲೇ ಇರುತ್ತಾರೆ. ಬ್ಯಾಗು ಹಂಚಿ ಫೋಟೋ ತೆಗೆಯುವುದು ಬೇಡ. ಸರಕಾರಿ ವ್ಯವಸ್ಥೆಯ ಜೊತೆ ವ್ಯವಹರಿಸಲು ವಿದ್ಯಾರ್ಥಿಗಳೂ ಕಲಿಯಬೇಕು. ಎಲ್ಲಿಂದ ಶುರು ಮಾಡುವುದು?

ಹಾಜರಿಪುಸ್ತಕ:
ಸರ್, ಹೆತ್ತವರಿಗೆ ಬುದ್ಧಿ ಹೇಳುವುದರಿಂದ ಶುರು ಮಾಡಬೇಡಿ. ಮಗುವಿಗೆ ಶಾಲೆ ಎಲ್ಲಿ ತಪ್ಪಿತು ಅಂತ ಮೊದಲು ಪತ್ತೆಯಾಗಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಊರಿಗೆ ಹೋದ ಕುಟುಂಬ ಆಗಸ್ಟಿನಲ್ಲಿ ಮರಳುವಾಗ ಪಾಠ ಶುರುವಾಗಿ ಎರಡು ತಿಂಗಳಾಗಿರುತ್ತದೆ. ಕೈಯಲ್ಲಿ ಟಿಸಿ (ಹಳೆಯ ಶಾಲೆಯ ವರ್ಗಾವಣೆ ಪತ್ರ) ಇಲ್ಲ. "ಟಿಸಿ ತನ್ನಿ" ಅಂದರೆ ಅಲ್ಲಿಗೆ ಮುಗಿಯಿತು.

ಹಾಗಾಗಿ ಆಗಸ್ಟ್ ಕೊನೆಗೆ ಸಮೀಕ್ಷೆ ಮಾಡಿ. ಇಬ್ಬಿಬ್ಬರ ತಂಡ, ಒಬ್ಬಳಾದರೂ ಹುಡುಗಿ ಇರಲಿ. ಸಂಜೆ 6ರ ನಂತರ ಹೋಗಿ. ಹಗಲು ದೊಡ್ಡವರು ಸಿಗುವುದಿಲ್ಲ. ಐದೇ ಪ್ರಶ್ನೆ: ವಯಸ್ಸು, ಕೊನೆಗೆ ಕಲಿತ ಶಾಲೆ ಮತ್ತು ತರಗತಿ, ಸ್ಯಾಟ್ಸ್ ಸಂಖ್ಯೆ (ರಾಜ್ಯದ ಶಾಲಾ ದಾಖಲೆಯಲ್ಲಿ ಮಗುವಿನ ಗುರುತು ಸಂಖ್ಯೆ), ಇಲ್ಲಿ ಎಷ್ಟು ತಿಂಗಳು ಇರುತ್ತಾರೆ, ಹಗಲು ಸಣ್ಣ ಮಕ್ಕಳನ್ನು ನೋಡುವವರು ಯಾರು. ಆಧಾರ್, ಸಂಬಳ ಕೇಳಿದರೆ ಬಿಡಾರ ಎಬ್ಬಿಸಲು ಬಂದವರು ಅಂತ ಹೆದರಿ ಬಾಯಿ ಮುಚ್ಚುತ್ತಾರೆ.

ಕಾಯ್ದೆಕಡತ:
ಶಿಕ್ಷಣ ಹಕ್ಕು ಕಾಯ್ದೆ, 2009ರ ಮೂರು ಸೆಕ್ಷನ್‌ಗಳನ್ನು ವಿದ್ಯಾರ್ಥಿಗಳು ಓದಿಯೇ ಹೋಗಲಿ. ಟಿಸಿ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ (5), ವಯಸ್ಸಿನ ದಾಖಲೆ ಇಲ್ಲವೆಂದೂ ನಿರಾಕರಿಸುವಂತಿಲ್ಲ (14), ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ ವಿಶೇಷ ತರಬೇತಿ ಕೊಡಬೇಕು (4). ಈ ಕೊನೆಯದೇ ಹೆಚ್ಚು ತಪ್ಪುವುದು. ಹತ್ತು ವರ್ಷದ ಹುಡುಗನನ್ನು ಒಂದನೇ ತರಗತಿಯಲ್ಲಿ ಕೂರಿಸಿದರೆ ಅವನು ನಾಚಿಕೆಯಿಂದಲೇ ಶಾಲೆ ಬಿಡುತ್ತಾನೆ.

ಅರ್ಜಿಗೆ ಪೋಷಕರೇ ಸಹಿ ಹಾಕಲಿ, ವಿದ್ಯಾರ್ಥಿಗಳು ಜೊತೆಗಿದ್ದರೆ ಸಾಕು. ಎರಡು ಪ್ರತಿ ಮಾಡಿ ಒಂದಕ್ಕೆ ಮುಖ್ಯೋಪಾಧ್ಯಾಯರ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನ ನಿರಾಕರಣೆ ಹಿಡಿದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋದರೆ ಏನೂ ನಡೆಯುವುದಿಲ್ಲ. ಅಲ್ಲೂ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಒಂದೇ ವಿಷಯ, ನಮ್ಮ ರಾಜ್ಯದ ನಿಯಮದಂತೆ 150 ಪದದೊಳಗೆ. ಉತ್ತರಕ್ಕೆ 30 ದಿನ. ಆದರೆ ಮೊದಲ ದಿನವೇ ಅದನ್ನು ಹಿಡಿದು ಹೋಗಬೇಡಿ. ಮುಖ್ಯೋಪಾಧ್ಯಾಯರು ನಮ್ಮ ಜೊತೆಗೆ ಬೇಕಾದವರು.

ಪುಟ್ಟಹೆಜ್ಜೆ:
ಐದನೇ ಪ್ರಶ್ನೆ ಬಿಡಬೇಡಿ. ಹಲವು ಹುಡುಗಿಯರು ಮನೆಯಲ್ಲಿ ಉಳಿಯುವುದು ತಮ್ಮ, ತಂಗಿಯನ್ನು ನೋಡಿಕೊಳ್ಳಲಿಕ್ಕೆ. ಮೂರು ವರ್ಷ ತುಂಬಿದ ಮಗುವನ್ನು ಅಂಗನವಾಡಿಗೆ ಸೇರಿಸಿದರೆ ಅಕ್ಕನೂ ಶಾಲೆಗೆ ಹೊರಡುತ್ತಾಳೆ. ಎರಡೂ ಅರ್ಜಿ ಒಟ್ಟಿಗೆ ಕೊಡಿ.

ಕಡಲತಡಿ:
ಉಪಕಾರ. ಎನ್ನೆಸ್ಸೆಸ್‌ಗೆ ವರ್ಷಕ್ಕೆ 120 ಗಂಟೆ. ದಾಖಲಾದ ಮೇಲೆ ಉಳಿದ ಸಮಯಕ್ಕೆ ಏನು?

ಹಾಜರಿಪುಸ್ತಕ:
ಹೆಚ್ಚಿನ ಗಂಟೆ ಅದಕ್ಕೇ ಇಟ್ಟುಕೊಳ್ಳಿ. ವಾರಕ್ಕೊಮ್ಮೆ ಹಾಜರಿ ನೋಡಿ, ಮೂರು ದಿನ ಬಾರದ ಮಗುವಿನ ಮನೆಗೆ ಅದೇ ಸಂಜೆ ಹೋಗಿ. ಮತ್ತೆ, ಏಪ್ರಿಲ್ ರಜೆಗೆ ಮೊದಲು ಪ್ರತಿ ಮಗುವಿನ ಕೈಗೆ ಶಾಲೆಯ ಹೆಸರು, ತರಗತಿ, ಸ್ಯಾಟ್ಸ್ ಸಂಖ್ಯೆ ಬರೆದ ಚೀಟಿ ಕೊಡಿ, ಪ್ಲಾಸ್ಟಿಕ್ ಹೊದಿಕೆ ಹಾಕಿ. ಆ ಸಂಖ್ಯೆ ಇಲ್ಲದೆ ಊರಿನಲ್ಲಿ ಹೊಸದಾಗಿ ದಾಖಲಿಸಿದರೆ ಒಂದೇ ಮಗು ಎರಡು ಕಡೆ ಲೆಕ್ಕಕ್ಕೆ ಬರುತ್ತದೆ, ಆಗಸ್ಟಿನಲ್ಲಿ ನೀವು ಮೊದಲಿನಿಂದ ಓಡಾಡಬೇಕು.