ಕೂಲ್ ಹರ್ಕ್ ಬಗ್ಗೆ ಬರೆಯುತ್ತಿದ್ದೇನೆ, ಯಾವುದನ್ನು ನಂಬಲಿ?

ರೂಪಾ_ಬೀಟ್ಸ್:
ಎಲ್ಲರಿಗೂ ನಮಸ್ಕಾರ. ಹಿಪ್-ಹಾಪ್ ಹುಟ್ಟಿದ ಕಾಲದ ಬಗ್ಗೆ ಕನ್ನಡದಲ್ಲಿ ಒಂದು ಪಾಡ್‌ಕಾಸ್ಟ್ ಮಾಡುತ್ತಿದ್ದೇನೆ. ಮೊದಲ ಕಂತು ಡಿಜೆ ಕೂಲ್ ಹರ್ಕ್ ಬಗ್ಗೆ. ಸ್ಕ್ರಿಪ್ಟ್ ಮುಕ್ಕಾಲು ಮುಗಿದಿದೆ. ಆದರೆ ಓದಿದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ.

1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಆ ಪ್ರಸಿದ್ಧ ಪಾರ್ಟಿ ನಡೆಯಿತು ಅನ್ನುವುದು ಎಲ್ಲ ಕಡೆ ಇದೆ. ಆದರೆ ಒಂದು ಕಡೆ ಅದು ತಂಗಿಯ ಹುಟ್ಟುಹಬ್ಬ ಅಂತಾರೆ. ಇನ್ನೊಂದು ಕಡೆ ಸ್ಕೂಲ್ ಶುರುವಾಗುವ ಮುಂಚಿನ ಪಾರ್ಟಿ ಅಂತಾರೆ. ಆಗ ಹರ್ಕ್ ಅವರಿಗೆ 16 ವರ್ಷ ಅಂತ ಒಬ್ಬರು, 18 ಅಂತ ಇನ್ನೊಬ್ಬರು. ಸ್ಕ್ರ್ಯಾಚಿಂಗ್ (ತಿರುಗುವ ರೆಕಾರ್ಡನ್ನು ಕೈಯಿಂದ ಹಿಂದೆ ಮುಂದೆ ಉಜ್ಜಿ ಸದ್ದು ಹೊರಡಿಸುವುದು) ಕಂಡುಹಿಡಿದವರೂ ಇವರೇ ಅಂತ ಒಂದು ವಿಡಿಯೊದಲ್ಲಿದೆ. ಜಮೈಕಾದ ಸೌಂಡ್ ಸಿಸ್ಟಮ್ (ದೊಡ್ಡ ಸ್ಪೀಕರ್ ಇಟ್ಟು ಬೀದಿಯಲ್ಲಿ ಹಾಡು ಹಾಕುವ ಪದ್ಧತಿ) ಅನ್ನೇ ಬ್ರಾಂಕ್ಸ್‌ಗೆ ತಂದರು ಅಂತ ತುಂಬಾ ಜನ ಹೇಳುತ್ತಾರೆ.

ಇದನ್ನೆಲ್ಲ ಹೇಗೆ ತಾಳೆ ನೋಡುವುದು? ಐದಾರು ಸೈಟ್‌ಗಳಲ್ಲಿ ಒಂದೇ ಥರ ಇದ್ದರೆ ಸಾಕಾ?

ಬಿ_ಸೈಡ್:
ಸಾಲದು ರೂಪಾ ಅವರೇ. ಒಬ್ಬ ಬರೆದದ್ದನ್ನು ಐದು ಜನ ಎತ್ತಿ ಹಾಕಿಕೊಂಡರೂ ಸಾಕ್ಷಿ ಒಂದೇ.

ಒಂದು ಪತ್ರಿಕೆಗೆ ಬರುವ ಲೇಖನಗಳಲ್ಲಿ ಹೆಸರು, ತಾರೀಕು, ಊರು ಸರಿಯಿದೆಯಾ ಅಂತ ನೋಡುವುದು ನನ್ನ ಕೆಲಸ. ಸಂಬಳ ಕಡಿಮೆ, ಅನುಮಾನ ಜಾಸ್ತಿ. ಹಳೆ ಫಂಕ್ ರೆಕಾರ್ಡ್‌ಗಳ ಹುಚ್ಚೂ ಇದೆ. ಹಾಗಾಗಿ ನಿಮ್ಮ ಪಟ್ಟಿ ನೋಡಿ ಸುಮ್ನೆ ಇರೋಕಾಗಲಿಲ್ಲ.

ವಯಸ್ಸಿನದು ಸುಲಭ. ಅವರ ನಿಜವಾದ ಹೆಸರು ಕ್ಲೈವ್ ಕ್ಯಾಂಪ್‌ಬೆಲ್. ಹುಟ್ಟಿದ್ದು 1955ರ ಏಪ್ರಿಲ್ 16, ಜಮೈಕಾದ ಕಿಂಗ್‌ಸ್ಟನ್‌ನಲ್ಲಿ. ಬ್ರಾಂಕ್ಸ್‌ಗೆ ಬಂದದ್ದು 1967ರಲ್ಲಿ. 1973ರ ಆಗಸ್ಟ್‌ಗೆ 18 ತುಂಬಿತ್ತು. 16 ಅಂತ ಬರೆದವರು ಕಳೆಯುವ ಲೆಕ್ಕ ಮಾಡಿಲ್ಲ, ಅಷ್ಟೇ.

ಸರ್ಕಾರಿ ಕಾಗದ ಹುಡುಕಿ ಖಚಿತ ಮಾಡಿಕೊಳ್ಳೋಣ ಅಂತ ನಿಮಗೆ ಅನ್ನಿಸಬಹುದು. ಆ ದಾರಿ ಈ ತಲೆಮಾರಿನವರಿಗೆ ಹೆಚ್ಚು ಕೆಲಸ ಮಾಡುವುದಿಲ್ಲ. ಅಮೆರಿಕದಲ್ಲಿ ಜನಗಣತಿಯ ಮನೆಮನೆ ವಿವರ 72 ವರ್ಷ ಮುಚ್ಚಿರುತ್ತದೆ. 1950ರದು 2022ರಲ್ಲಿ ತೆರೆಯಿತು. ಹರ್ಕ್ ಕುಟುಂಬ ಸಿಗಬೇಕಾದ್ದು 1970ರ ಗಣತಿಯಲ್ಲಿ. ಅದು ತೆರೆಯುವುದು 2042ಕ್ಕೆ! ಅಲ್ಲಿಯವರೆಗೆ ನಿಮ್ಮ ಕೇಳುಗರು ಕಾಯುವುದಿಲ್ಲ ಅಲ್ವಾ? ಆದ್ದರಿಂದ ಕಲಾವಿದರೇ ಹೇಳಿದ ಮಾತು, ಆ ಕಾಲದ ಕಾಗದ, ಜೊತೆಗಿದ್ದವರ ನೆನಪು ಈ ಮೂರನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕು.

ಪಾರ್ಟಿಯ ವಿಷಯದಲ್ಲಿ ಈ ಮೂರೂ ಸಿಗುತ್ತವೆ. ಕೈಬರಹದ ಆಹ್ವಾನದ ಕಾರ್ಡ್ ಒಂದರ ಫೋಟೊ ಎಲ್ಲ ಕಡೆ ಓಡಾಡುತ್ತದೆ, ನೋಡಿರುತ್ತೀರಿ. ಅದರಲ್ಲಿ ‘ಬ್ಯಾಕ್ ಟು ಸ್ಕೂಲ್ ಜ್ಯಾಮ್’, ಅಂದರೆ ಶಾಲೆ ಮತ್ತೆ ಶುರುವಾಗುವ ಹೊತ್ತಿನ ಪಾರ್ಟಿ ಅಂತಲೇ ಇದೆ. ಜಾಗ 1520 ಸೆಡ್ಜ್‌ವಿಕ್ ಅವೆನ್ಯೂ ಕಟ್ಟಡದ ರೆಕ್ ರೂಮ್, ಅಂದರೆ ಅಲ್ಲಿನ ನಿವಾಸಿಗಳು ಸೇರುವ ಹಾಲ್. ಹೆಂಗಸರಿಗೆ 25 ಸೆಂಟ್, ಗಂಡಸರಿಗೆ 50 ಸೆಂಟ್. ಪಾರ್ಟಿ ಇಟ್ಟುಕೊಂಡವರು ತಂಗಿ ಸಿಂಡಿ ಕ್ಯಾಂಪ್‌ಬೆಲ್. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆ ಕೊಳ್ಳಲು ದುಡ್ಡು ಬೇಕಿತ್ತು ಅಂತ ಅವರೇ ಹೇಳಿದ್ದಾರೆ. ಕಾರ್ಡಿನ ಮಾತಿಗೂ ಅವರ ಮಾತಿಗೂ ತಾಳೆ ಬೀಳುತ್ತದೆ. ಹುಟ್ಟುಹಬ್ಬದ ಕಥೆಗೆ ಇಂಥ ಆಧಾರ ಇಲ್ಲ, ಹೊಡೆದು ಹಾಕಿ. ಮತ್ತೆ ಸಿಂಡಿ ಹೆಸರನ್ನು ಬಿಡಬೇಡಿ. ಅರ್ಧ ಲೇಖನಗಳಲ್ಲಿ ಅವರು ‘ತಂಗಿ’ ಆಗಿಯೇ ಉಳಿಯುತ್ತಾರೆ. ಹಾಲ್ ಹಿಡಿದು, ದುಡ್ಡು ವಸೂಲಿ ಮಾಡಿದವರಿಗೆ ಒಂದು ಹೆಸರೂ ಬೇಡವಾ?

ಸ್ಕ್ರ್ಯಾಚಿಂಗ್ ಹರ್ಕ್ ಅವರದಲ್ಲ. ಆ ಹೆಸರು ಗ್ರ್ಯಾಂಡ್ ವಿಝರ್ಡ್ ಥಿಯೊಡೋರ್‌ಗೆ ಸಲ್ಲಬೇಕು. ಹರ್ಕ್ ಮಾಡಿದ್ದು ಬೇರೆ. ಹಾಡಿನಲ್ಲಿ ಗಾಯನ ನಿಂತು ಡ್ರಮ್ಸ್ ಮಾತ್ರ ಉಳಿಯುವ ತುಣುಕು ಬಂದಾಗ ಜನ ಕುಣಿಯಲು ಮುಂದೆ ಬರುತ್ತಾರೆ ಅನ್ನುವುದನ್ನು ಅವರು ಗಮನಿಸಿದರು. ಆ ತುಣುಕಿಗೆ ‘ಬ್ರೇಕ್’ ಅನ್ನುತ್ತಾರೆ. ಎರಡು ಟರ್ನ್‌ಟೇಬಲ್ (ರೆಕಾರ್ಡ್ ತಿರುಗಿಸುವ ಯಂತ್ರ) ಇಟ್ಟುಕೊಂಡು ಒಂದು ಬ್ರೇಕ್ ಮುಗಿಯುವ ಹೊತ್ತಿಗೆ ಇನ್ನೊಂದಕ್ಕೆ ಹಾರಿದರು. ಅದೇ ರೆಕಾರ್ಡಿನ ಎರಡನೇ ಪ್ರತಿ ಇದ್ದರೆ ಅದೇ ಬ್ರೇಕ್ ಮತ್ತೆ ಮತ್ತೆ ಬರುತ್ತಿತ್ತು. ಇದಕ್ಕೆ ಅವರು ‘ಮೆರಿ-ಗೋ-ರೌಂಡ್’ ಅಂತ ಹೆಸರಿಟ್ಟರು. ಹಾಗೆ ಹಾರುವಾಗ ತಾಳ ತಪ್ಪದಂತೆ, ಅಳೆದು ಕತ್ತರಿಸಿದಷ್ಟು ಚೊಕ್ಕವಾಗಿ ಜೋಡಿಸಿದವರು ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಷ್. ಮೂವರ ಕೆಲಸವನ್ನು ಒಬ್ಬರ ತಲೆಗೆ ಕಟ್ಟುವುದು ಈ ವಿಷಯದ ವಿಡಿಯೊಗಳ ದೊಡ್ಡ ರೋಗ.

ಇನ್ನು ಜಮೈಕಾ. ಇದು ನಿಜಕ್ಕೂ ತೊಡಕಿನದು. ಯಾಕೆಂದರೆ ಹರ್ಕ್ ಅವರ ಮಾತೇ ಎರಡು ಥರ ಇದೆ. ಒಂದು ಹಳೆ ಸಂದರ್ಶನದಲ್ಲಿ, ಜಮೈಕಾದ ಟೋಸ್ಟಿಂಗ್‌ಗೂ (ಹಾಡಿನ ಮೇಲೆ ಮೈಕ್‌ನಲ್ಲಿ ತಾಳಕ್ಕೆ ಮಾತಾಡುವುದು) ರ‍್ಯಾಪ್‌ಗೂ ಸಂಬಂಧವೇ ಇಲ್ಲ ಅಂದಿದ್ದಾರೆ. ಬ್ರಾಂಕ್ಸ್‌ನಲ್ಲಿ ಜಮೈಕಾದ ರೆಗೇ ಸಂಗೀತ ಹಾಕಿದರೆ ಜನ ಒಪ್ಪುತ್ತಿರಲಿಲ್ಲ, ಪ್ರೇರಣೆ ಅಮೆರಿಕದ ಫಂಕ್ ಗಾಯಕ ಜೇಮ್ಸ್ ಬ್ರೌನ್ ಅಂತ ಹೇಳಿದ್ದಾರೆ. ಬೇರೆ ಕಡೆ, ಕಿಂಗ್‌ಸ್ಟನ್‌ನಲ್ಲಿ ಚಿಕ್ಕವರಿದ್ದಾಗ ಕಂಡ ಸೌಂಡ್ ಸಿಸ್ಟಮ್‌ಗಳನ್ನು ನೆನೆಸಿಕೊಂಡಿದ್ದಾರೆ. ನನಗೆ ಇವೆರಡೂ ಒಂದಕ್ಕೊಂದು ವಿರುದ್ಧ ಅನ್ನಿಸುವುದಿಲ್ಲ. ದೊಡ್ಡ ಸ್ಪೀಕರ್, ಜೋರು ಬೇಸ್ ಅಲ್ಲಿಂದ ಬಂದಿರಬಹುದು. ಹಾಡು ಮತ್ತು ಮಾತು ಬ್ರಾಂಕ್ಸ್‌ನವು. ನೀವು ಯಾವುದಾದರೂ ಒಂದನ್ನೇ ಹಿಡಿಯಬೇಡಿ. ಯಾವ ಮಾತು ಯಾವಾಗ ಹೇಳಿದ್ದು ಅಂತ ಸೇರಿಸಿ ಎರಡನ್ನೂ ಕೇಳಿಸಿ.

ಸೂಜಿಮೊನೆ:
ಬಿ_ಸೈಡ್ ಹೇಳಿದ ‘ಐದು ಸೈಟ್, ಒಂದು ಸಾಕ್ಷಿ’ಗೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ರಾಕ್ಸಾನ್ ಶಾಂಟೆ ಗೊತ್ತಲ್ಲ? ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಜ್‌ನ ರ‍್ಯಾಪ್ ಹುಡುಗಿ, 1984ರಲ್ಲಿ ‘ರಾಕ್ಸಾನ್ಸ್ ರಿವೆಂಜ್’ ಹಾಡಿದವರು. 2009ರಲ್ಲಿ ನ್ಯೂಯಾರ್ಕ್ ಡೇಲಿ ನ್ಯೂಸ್‌ನಲ್ಲಿ ಒಂದು ಸುದ್ದಿ ಬಂತು. ಅವರ ರೆಕಾರ್ಡ್ ಒಪ್ಪಂದದಲ್ಲಿ ಓದಿನ ಖರ್ಚು ಕೊಡಬೇಕು ಅನ್ನುವ ಷರತ್ತು ಇತ್ತಂತೆ, ಅದರಿಂದ ಕಾರ್ನೆಲ್‌ನಲ್ಲಿ ಪಿಎಚ್‌ಡಿ ಮಾಡಿದರಂತೆ. ಎಷ್ಟು ಚಂದದ ಕಥೆ! ಎಲ್ಲರೂ ಹಂಚಿದ್ದೇ ಹಂಚಿದ್ದು.

ಆಮೇಲೆ ಸ್ಲೇಟ್ ಪತ್ರಿಕೆಗೆ ಬರೆಯುತ್ತಿದ್ದ ಬೆನ್ ಶೆಫ್ನರ್ ಎಂಬ ವಕೀಲರು ಸೀದಾ ಮೂಲಕ್ಕೇ ಹೋಗಿ ವಿಚಾರಿಸಿದರು. ಕಾರ್ನೆಲ್‌ನಲ್ಲಿ ಆ ಹೆಸರಿಗೆ ಪಿಎಚ್‌ಡಿ ಇಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ಮನಶ್ಶಾಸ್ತ್ರಜ್ಞೆ ಅಂತ ಲೈಸೆನ್ಸೂ ಇಲ್ಲ. ಕಥೆ ಅಲ್ಲಿಗೆ ಕುಸಿಯಿತು. ಇದರಿಂದ ಅವರ ಹಾಡಿನ ಬೆಲೆ ಒಂದು ಚೂರೂ ಕಡಿಮೆ ಆಗುವುದಿಲ್ಲ. 2025ರಲ್ಲಿ ಗ್ರ್ಯಾಮಿಯವರ ಜೀವಮಾನ ಸಾಧನೆ ಗೌರವ ಬಂತು, ಅದು ಸರಿಯಾಗಿಯೇ ಬಂತು.

ರೂಪಾ, ಡಿಗ್ರಿ, ಲೈಸೆನ್ಸ್, ಪ್ರಶಸ್ತಿ ಇವನ್ನು ಕೊಟ್ಟವರನ್ನೇ ಕೇಳಬಹುದು. ಇಂಥವನ್ನು ಲೇಖನ ನೋಡಿ ನಂಬಬೇಡಿ.

ಬಿ_ಸೈಡ್:
ಸೂಜಿಮೊನೆ, ಇದರಲ್ಲಿ ಇನ್ನೊಂದು ತಮಾಷೆ ಇದೆ. ಹಿಪ್-ಹಾಪ್‌ನ ಹಳೆ ಫ್ಲೈಯರ್ (ಪಾರ್ಟಿಯ ಕರಪತ್ರ), ಫೋಟೊಗಳ ದೊಡ್ಡ ಸಂಗ್ರಹ ಇರುವುದೂ ಅದೇ ಕಾರ್ನೆಲ್ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ! ಫ್ಲೈಯರ್‌ಗಳನ್ನು ಆನ್‌ಲೈನ್‌ನಲ್ಲೇ ನೋಡಬಹುದು. ಯಾರು, ಎಲ್ಲಿ, ಯಾವತ್ತು, ಎಷ್ಟು ಟಿಕೆಟ್ ಎಲ್ಲ ಅದರಲ್ಲೇ ಇರುತ್ತದೆ. ಫೋರ್ಡಮ್ ವಿಶ್ವವಿದ್ಯಾಲಯದವರು ಬ್ರಾಂಕ್ಸ್‌ನ ಕಪ್ಪು ಜನರ ನೆನಪುಗಳನ್ನು ಸಂದರ್ಶನ ಮಾಡಿ ಇಟ್ಟಿದ್ದಾರೆ, ಅದನ್ನೂ ಓದಿ.

ಮಧ್ಯರಾತ್ರಿ_ಮಿಕ್ಸ್:
ನನ್ನದೊಂದು ತಕರಾರು. ತಾರೀಕು ಸರಿಯಾದರೆ ಮುಗಿಯಿತಾ? ‘ಅವತ್ತು ರಾತ್ರಿ ಹಿಪ್-ಹಾಪ್ ಹುಟ್ಟಿತು’ ಅನ್ನುವುದೇ ಆಮೇಲೆ ಕಟ್ಟಿದ ಮಾತು. ಹಾರ್ಲೆಮ್‌ನ ಕ್ಲಬ್‌ಗಳಲ್ಲಿ ಡಿಜೆ ಹಾಲಿವುಡ್ ತಾಳಕ್ಕೆ ಪ್ರಾಸ ಹೊಂದಿಸಿ ಮೈಕ್‌ನಲ್ಲಿ ಹೇಳುತ್ತಿದ್ದರು. ಬ್ರಾಂಕ್ಸ್‌ಡೇಲ್‌ನಲ್ಲಿ ಡಿಸ್ಕೊ ಕಿಂಗ್ ಮಾರಿಯೊ ಪಾರ್ಕ್‌ನಲ್ಲಿ ಜ್ಯಾಮ್ ನಡೆಸುತ್ತಿದ್ದರು. ಹರ್ಕ್ ಪಕ್ಕದಲ್ಲೇ ಮೈಕ್ ಹಿಡಿದಿದ್ದ ಕೋಕ್ ಲಾ ರಾಕ್ ಅವರನ್ನು ಯಾರು ನೆನೆಯುತ್ತಾರೆ?

ರೂಪಾ_ಬೀಟ್ಸ್:
ಎಲ್ಲರಿಗೂ ಥ್ಯಾಂಕ್ಸ್. ಸಿಂಡಿ, ಕೋಕ್ ಲಾ ರಾಕ್ ಇಬ್ಬರೂ ಸ್ಕ್ರಿಪ್ಟ್‌ಗೆ ಬಂದರು. ಥಿಯೊಡೋರ್‌ಗೆ ಬೇರೆಯೇ ಕಂತು. ಕೊನೆಯದಾಗಿ ಒಂದು ಪ್ರಶ್ನೆ. ಹರ್ಕ್ ಆ ಕಾಲದಲ್ಲಿ ರೆಕಾರ್ಡನ್ನೇ ಬಿಡುಗಡೆ ಮಾಡಲಿಲ್ಲ. ಹಾಗಾದರೆ 1970ರ ದಶಕದಲ್ಲೇ ಅವರ ಬಗ್ಗೆ ಅಚ್ಚಾದದ್ದು ಏನಾದರೂ ಇದೆಯಾ? ಮತ್ತೆ ಈ ವಾಕ್ಯ ನಡೆಯುತ್ತದಾ: ‘1973ರಲ್ಲಿ ಕೂಲ್ ಹರ್ಕ್ ಹಿಪ್-ಹಾಪ್ ಕಂಡುಹಿಡಿದರು’?

ಬಿ_ಸೈಡ್:
ಇದೆ. 1978ರ ಜುಲೈ 1ರ ಬಿಲ್‌ಬೋರ್ಡ್ ಪತ್ರಿಕೆ. ಬರೆದವರು ರಾಬರ್ಟ್ ಫೋರ್ಡ್. ಬ್ರಾಂಕ್ಸ್‌ನ ಹುಡುಗರು ಬ್ರೇಕ್ ಇರುವ ಹಳೆ ರೆಕಾರ್ಡ್‌ಗಳನ್ನು ಹುಡುಕಿಕೊಂಡು ಮ್ಯಾನ್‌ಹ್ಯಾಟನ್‌ನ ಅಂಗಡಿಗೆ ಬರುತ್ತಿದ್ದಾರೆ, ಇದಕ್ಕೆಲ್ಲ ಕಾರಣ ಹರ್ಕ್ ಅಂತ ಅದರಲ್ಲಿದೆ. ಮೊದಲ ದೊಡ್ಡ ರ‍್ಯಾಪ್ ಹಿಟ್ ‘ರ‍್ಯಾಪರ್ಸ್ ಡಿಲೈಟ್’ ಬಂದದ್ದು 1979ರಲ್ಲಿ. ಅಂದರೆ ಇದು ಅದಕ್ಕೂ ಮುಂಚಿನ ಸಾಕ್ಷಿ. ಆಗ ಯಾರಿಗೂ ಇತಿಹಾಸ ಬರೆಯುವ ಉಮೇದು ಇರಲಿಲ್ಲ. ಅದಕ್ಕೇ ನನಗೆ ಅದರ ಮೇಲೆ ನಂಬಿಕೆ ಜಾಸ್ತಿ. ಹಳೆ ಬಿಲ್‌ಬೋರ್ಡ್ ಸಂಚಿಕೆಗಳು ಗೂಗಲ್ ಬುಕ್ಸ್‌ನಲ್ಲಿ ಪುಟ ಪುಟವಾಗಿ ಸಿಗುತ್ತವೆ.

ನಿಮ್ಮ ವಾಕ್ಯ ನಡೆಯುವುದಿಲ್ಲ. ಮಧ್ಯರಾತ್ರಿ_ಮಿಕ್ಸ್ ತಕರಾರು ಸರಿಯಾದದ್ದೇ. ಹೀಗೆ ಹೇಳಿ ನೋಡಿ: ‘1973ರ ಆಗಸ್ಟ್ 11ರಂದು ಸಿಂಡಿ ಕ್ಯಾಂಪ್‌ಬೆಲ್ ಇಟ್ಟುಕೊಂಡ ಪಾರ್ಟಿಯಲ್ಲಿ ಅವರ ಅಣ್ಣ, 18ರ ಕೂಲ್ ಹರ್ಕ್, ರೆಕಾರ್ಡ್ ಹಾಕಿದರು. ಹಿಪ್-ಹಾಪ್ ಹುಟ್ಟಿದ ದಿನ ಅಂತ ಇವತ್ತು ಆಚರಿಸುವುದು ಅದನ್ನೇ.’ ಇದರಲ್ಲಿ ಯಾರೂ ಕೊಕ್ಕೆ ಹಾಕಲಾರರು. 25 ಸೆಂಟ್ ಟಿಕೆಟ್ಟನ್ನೂ ಸೇರಿಸಿ, ಕೇಳುವವರಿಗೆ ಅದೇ ಇಷ್ಟ ಆಗುವುದು.