ಅಣ್ಣನ ಮೆಸೇಜಿಗೆ ನನ್ನ ಉತ್ತರ

ಅಣ್ಣ, ನಿನ್ನ ಮೆಸೇಜ್ ನೋಡಿದೆ. ‘ಸರ್ಕಾರಿ ಶಾಲೆ ಮಕ್ಕಳಿಗೆ ಓದೋಕೆ ಬರಲ್ಲ, ಕೇಳಿದ್ರೆ ಟೀಚರ್‌ಗಳು ಇನ್ನೂ ಕೊರೋನಾ ನೆಪ ಹೇಳ್ತಾರೆ’ ಅಂತ ಹಾಕಿದ್ದೀಯ. ನೆಪ ಅಲ್ಲ ಅಣ್ಣ. ಆ ಮಕ್ಕಳಿಗೆ ಪಾಠ ಮಾಡಿದವಳು ನಾನು, ಸ್ವಲ್ಪ ಕೇಳು.

2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದೆವು. ಒಂದರಿಂದ ಐದನೇ ತರಗತಿಗೆ ಮತ್ತೆ ಬಾಗಿಲು ತೆಗೆದದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳು! ಅದೇ ಅಕ್ಟೋಬರ್ 1ಕ್ಕೇ ಸಿನಿಮಾ ಟಾಕೀಸು ತುಂಬಿಸಲು ಅನುಮತಿ ಸಿಕ್ಕಿತ್ತು. ಡೆನ್ಮಾರ್ಕ್‌ನ ಪುಟ್ಟ ಮಕ್ಕಳು 2020ರ ಏಪ್ರಿಲ್ ಮಧ್ಯದಲ್ಲೇ ಶಾಲೆಗೆ ವಾಪಸ್ ಬಂದಿದ್ದರು. ಉಗಾಂಡಾದಲ್ಲಿ ಶಾಲೆ ಪೂರ್ತಿ ತೆರೆದದ್ದು 2022ರ ಜನವರಿಯಲ್ಲಿ. ಕಾಯಿಲೆ ಎಲ್ಲ ಕಡೆ ಒಂದೇ, ಅಲ್ವಾ?

ಆನ್‌ಲೈನ್ ಕ್ಲಾಸ್ ಇತ್ತಲ್ಲ ಅಂತೀಯ. ನಮ್ಮ ಒಬ್ಬ ಹುಡುಗನ ಮನೆಯಲ್ಲಿ ಇದ್ದದ್ದು ಒಂದೇ ಫೋನು. ಬ್ಯಾಟರಿ ಬೀಳದಂತೆ ರಬ್ಬರ್ ಬ್ಯಾಂಡ್ ಸುತ್ತಿದ್ದರು. ಬೆಳಿಗ್ಗೆ ಅಪ್ಪನ ಜೇಬಿನಲ್ಲಿ ಗಾರೆ ಕೆಲಸಕ್ಕೆ ಹೋದರೆ ಅದು ಬರುವುದು ಕತ್ತಲಾದ ಮೇಲೆ. 2020ರ ಆಗಸ್ಟ್‌ನಲ್ಲಿ, ಮಕ್ಕಳಿರುವಲ್ಲಿಗೇ ಟೀಚರ್ ಹೋಗಿ ಪಾಠ ಮಾಡುವ ಸರ್ಕಾರದ ಯೋಜನೆ ವಿದ್ಯಾಗಮ ಬಂತು. ದೇವಸ್ಥಾನದ ಕಟ್ಟೆ ಮೇಲೆ, ಮರದ ಕೆಳಗೆ ಕೂರಿಸಿ ಹೇಳಿಕೊಟ್ಟೆವು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಬಿಸಿಯೂಟದ ಬದಲು ಅಕ್ಕಿ, ಬೇಳೆ ಕೊಟ್ಟರು. ಕೂಲಿ ಇಲ್ಲದ ಮನೆಗೆ ಹೋದ ಅಕ್ಕಿ ಅದು. ಮಗುವಿನ ತಟ್ಟೆಗೆ ಎಷ್ಟು ಬಿತ್ತೋ.

ಆ ಹುಡುಗ ಒಂದನೇ ತರಗತಿಯಿಂದ ಹೋದವನು, ಬಂದು ಕೂತದ್ದು ಮೂರನೇ ತರಗತಿಯಲ್ಲಿ. ಪುಸ್ತಕ ಕೊಟ್ಟೆ. ಚಿತ್ರ ನೋಡಿಕೊಂಡು ತಾನೇ ಒಂದು ಕಥೆ ಕಟ್ಟಿ, ಓದುವವರ ರಾಗದಲ್ಲಿ ಜೋರಾಗಿ ಹೇಳಿದ. ಅಕ್ಷರದ ಮೇಲೆ ಬೆರಳಿಟ್ಟು ಓದಪ್ಪ ಅಂದೆ. ಸುಮ್ನೆ ನನ್ನ ಮುಖ ನೋಡಿದ. ನನಗೆ ಆ ನೋಟ ಇವತ್ತಿಗೂ ಮರೆಯಲು ಆಗಿಲ್ಲ. ಮತ್ತೆ ಅ, ಆ ಇಂದ ಶುರು ಮಾಡಿ, ಕಾಗುಣಿತ ದಾಟಿ ಒತ್ತಕ್ಷರಕ್ಕೆ ಬರುವ ಹೊತ್ತಿಗೆ ಅವನು ನಾಲ್ಕನೇ ತರಗತಿ. 2022ರಲ್ಲಿ, ತಪ್ಪಿಹೋದ ಪಾಠ ಮತ್ತೆ ಕಲಿಸೋಕೆ, ಕಲಿಕಾ ಚೇತರಿಕೆ ಅಂತ ಒಂದು ವರ್ಷ ಕೊಟ್ಟರು. ಒಳ್ಳೆಯದೇ ಆಯಿತು. ಆದರೆ ಕಳೆದದ್ದು ಹತ್ತಿರ ಹತ್ತಿರ ಎರಡು ವರ್ಷ.

ಅವನಾದರೂ ಬಂದ. ಅವನ ಅಕ್ಕ ಶಾಲೆ ಮುಚ್ಚಿದಾಗ ಆರನೇ ತರಗತಿ, ಚೆನ್ನಾಗಿ ಲೆಕ್ಕ ಮಾಡುತ್ತಿದ್ದಳು. ಅಮ್ಮನ ಜೊತೆ ತೋಟದ ಕೆಲಸಕ್ಕೆ ಹೋಗಲು ಶುರು ಮಾಡಿದ್ದಳು. ಮೂರು ಸಲ ಮನೆಗೆ ಹೋಗಿ ಕರೆದೆ. ಮೂರು ಸಲವೂ ಅವರಮ್ಮ ಹೇಳಿದ್ದು ಒಂದೇ ಮಾತು, ‘ಬರೋ ತಿಂಗಳಿಂದ ಕಳಿಸ್ತೀನಿ ಟೀಚರ್, ಒಂಚೂರು ಸಾಲ ತೀರಲಿ.’