ಸಹಾಯ ಬೇಕು: ಕನ್ನಡ ಟೈಪಿಂಗಿಗೆ ಯಾವ ಓಪನ್ ಸೋರ್ಸ್ ಕೀಬೋರ್ಡ್?

ಎಲ್ಲರಿಗೂ ನಮಸ್ಕಾರ್ರೀ. ನಾನು ಧಾರವಾಡದವನು. ಹೋದ ವಾರ ಅವ್ವನ ಫೋನ್ ನೋಡಿದೆ. ಒಂದು ಟಾರ್ಚ್ ಆ್ಯಪ್ ಕಾಂಟ್ಯಾಕ್ಟ್, ಲೊಕೇಶನ್ ಎರಡಕ್ಕೂ ಪರ್ಮಿಶನ್ ತಗೊಂಡು ಕೂತಿತ್ತು. ಬೆಳಕು ಬಿಡೋಕೆ ನಮ್ಮ ಬೀಗರ ನಂಬರ್ ಯಾಕೆ ಬೇಕು ಹೇಳಿ! ಆವತ್ತೇ ತೆಗೆದುಹಾಕಿದೆ.

ಈಗ ಎಫ್-ಡ್ರಾಯ್ಡ್‌ನಿಂದ (ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರೂ ನೋಡಬಹುದಾದ ಆ್ಯಪ್‌ಗಳ ಅಂಗಡಿ) ಒಂದೊಂದೇ ಆ್ಯಪ್ ಬದಲಿಸುತ್ತಿದ್ದೇನೆ. ಮ್ಯಾಪಿಗೆ ಆರ್ಗ್ಯಾನಿಕ್ ಮ್ಯಾಪ್ಸ್, ನೆಟ್ ಇಲ್ಲದೆಯೂ ನಡೆಯುತ್ತದೆ. ಸುಭಾಸ ರಸ್ತೆಯ ಸಣ್ಣ ಅಂಗಡಿಗಳು ಮಾತ್ರ ಅದರಲ್ಲಿ ಸಿಗಲಿಲ್ಲ. ಗ್ಯಾಲರಿಗೆ ಮೊದಲು ಸಿಂಪಲ್ ಗ್ಯಾಲರಿ ಇತ್ತು. 2023ರಲ್ಲಿ ಅದು ಬೇರೆ ಕಂಪನಿಯ ಕೈಗೆ ಹೋದ ಮೇಲೆ ಅದೇ ಕೋಡಿನಿಂದ ಬೇರೆಯವರು ಮುಂದುವರಿಸಿದ ಫಾಸಿಫೈಗೆ ಬಂದೆ. ಮೆಸೇಜಿಗೆ ಸಿಗ್ನಲ್ಲೂ ಇದೆ, ಆದರೆ ಮನೆಮಂದಿ ಯಾರೂ ಇಲ್ಲದೆ ಅಲ್ಲಿ ಒಬ್ಬನೇ ಸುಮ್ನೆ ಕೂತಿದ್ದೇನೆ.

ತೊಡಕು ಇರುವುದು ಕೀಬೋರ್ಡಿನದು. ನಾವು ಒತ್ತುವ ಪ್ರತಿ ಅಕ್ಷರವೂ ಅದರ ಮೂಲಕವೇ ಹೋಗುತ್ತದೆ, ಅಲ್ವಾ? ಹೆಲಿಬೋರ್ಡ್ ಅನ್ನೋ ಕೀಬೋರ್ಡ್ ಇಂಟರ್ನೆಟ್ ಪರ್ಮಿಶನ್ನೇ ಕೇಳುವುದಿಲ್ಲ, ಕನ್ನಡ ಲೇಔಟೂ ಇದೆ. ಆದರೆ ಅವ್ವನಿಗೆ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವುದೇ ರೂಢಿ. ಇಂಡಿಕ್ ಕೀಬೋರ್ಡಿನಲ್ಲಿ ಅದು ಬರುತ್ತದೆ. ಆಂಡ್ರಾಯ್ಡ್ 14ರಲ್ಲಿ ಯಾರಾದರೂ ಬಳಸುತ್ತಿದ್ದೀರಾ? ಒತ್ತಕ್ಷರ ಸರಿಯಾಗಿ ಬೀಳುತ್ತವಾ?

ಇನ್ನೊಂದು. ಯುಪಿಐ ಬಿಡುವ ಹಾಗಿಲ್ಲ. ಶೆಲ್ಟರ್ ಆ್ಯಪ್ ಹಾಕಿ ಯುಪಿಐ ಆ್ಯಪನ್ನು ವರ್ಕ್ ಪ್ರೊಫೈಲಿನಲ್ಲಿ (ಫೋನಿನೊಳಗೇ ಬೇರೆ ಮಾಡಿದ ಜಾಗ) ಇಟ್ಟವರಿದ್ದರೆ ನಿಮ್ಮ ಅನುಭವ ತಿಳಿಸಿ.